ಅಮೆರಿಕದ ರಾಜ್ಯಾಂಗವೂ ಯಂಕಂಚಿಯ ಪಾಠಶಾಲೆಯೂ



ಹೊರದೇಶವೊಂದರ ರಾಜ್ಯಪದ್ಧತಿಯನ್ನು ನಮ್ಮ ಹೈಸ್ಕೂಲಿನ ಮಕ್ಕಳಿಗೆ ಕಲಿಸುವುದರಿಂದ ಪ್ರಯೋಜನವೇನು, ಕಲಿಸುವುದಾದರೆ ಅದನ್ನು ಯಾವ ರೀತಿಯಲ್ಲಿ ಕಲಿಸಬೇಕು ಎಂಬ ಪ್ರಶ್ನೆಯನ್ನು ಈ ಸಂಜೆ ತಮ್ಮ ಮುಂದಿಡಬೇಕೆಂದು ನಾವು ಉದ್ದೇಶಿಸಿದ್ದೇವೆ. ಆ ಹೊರದೇಶವು ಅಮೆರಿಕದ ಸಂಯುಕ್ತ ಸಂಸ್ಥಾನ. ಪ್ರಶ್ನೆಯು ಬರಿಯ ಮಾತಾಗಿ ತೇಲಿಹೋಗಬಾರದೆಂದು ಅದನ್ನು ಒಂದು ಊರಿನ ನೆಲದ ಮೇಲೆ ನಿಲ್ಲಿಸಿ ನೋಡೋಣ. ಆ ಊರು ಯಂಕಂಚಿ.

ಮೈಸೂರು ಬೆಂಗಳೂರುಗಳ ಶ್ರೋತೃಗಳಲ್ಲಿ ಅನೇಕರು ಈ ಹೆಸರನ್ನು ಕೇಳಿರಲಾರರು. ಇದು ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿಗೆ ಸೇರಿದ ಹಳ್ಳಿ. ಜಿಲ್ಲೆಗೆ ೨೦೧೪ರ ನವೆಂಬರ್ ತಿಂಗಳವರೆಗೆ ಬಿಜಾಪುರವೆಂದೇ ಹೆಸರು. ೧೯೫೬ರಲ್ಲಿ ಕನ್ನಡ ನಾಡು ಒಂದಾಗುವವರೆಗೆ ಅದು ಮುಂಬಯಿಯ ಆಡಳಿತಕ್ಕೆ ಸೇರಿದ್ದಿತು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಕರಿಮಣ್ಣಿನ ಬಯಲು, ಹಿಂಗಾರಿಯ ಬಿಳಿಜೋಳ, ತೊಗರಿ. ಮಳೆ ಬಂದರೆ ಬೆಳೆ, ಬಾರದಿದ್ದರೆ ಬರ. ಇಂಥ ಕಡೆಯ ಹದಿನಾಲ್ಕು ಹದಿನೈದು ವರ್ಷದ ಹುಡುಗನಿಗೂ ಹುಡುಗಿಗೂ ವಾಷಿಂಗ್‌ಟನ್ ನಗರದ ಸಭೆಗಳ ವಿಚಾರದಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಿದರೆ, ಆ ಕೇಳಿಕೆ ನ್ಯಾಯವಾದುದೇ. ರಾಜಧಾನಿಯ ಮಕ್ಕಳಿಗೆ ಒಪ್ಪುವ ವಾದಗಳು ಅನೇಕ ಉಂಟು. ಯಂಕಂಚಿಯ ಮಗುವಿಗೂ ಒಪ್ಪುವ ವಾದವು ಮಾತ್ರವೇ ಗಟ್ಟಿಯಾದ ವಾದ.

ಮೊದಲು ಈಗ ನಡೆಯುತ್ತಿರುವ ಕ್ರಮವನ್ನು ನೋಡೋಣ. ಪೌರನೀತಿಯ ಪಾಠವೆಂದರೆ ಬಹು ಶಾಲೆಗಳಲ್ಲಿ ಸಂಖ್ಯೆಗಳ ಜಪ. ಅಮೆರಿಕದ ಸೆನೆಟ್ ಸಭೆಯಲ್ಲಿ ೧೦೦ ಮಂದಿ, ಪ್ರತಿನಿಧಿ ಸಭೆಯಲ್ಲಿ ೪೩೫ ಮಂದಿ, ರಾಷ್ಟ್ರಾಧ್ಯಕ್ಷನ ಅಧಿಕಾರಾವಧಿ ೪ ವರ್ಷ. ನಮ್ಮ ಕರ್ನಾಟಕದಿಂದ ಲೋಕಸಭೆಗೆ ೨೮, ರಾಜ್ಯಸಭೆಗೆ ೧೨. ಪರೀಕ್ಷೆಯಲ್ಲಿ ಬರೆದರೆ ಅಂಕ, ಪರೀಕ್ಷೆ ಮುಗಿದರೆ ಮರೆವು. ಇದು ನಮ್ಮಲ್ಲಿ ಮಾತ್ರ ಇರುವ ರೋಗವೆಂದು ನಾವು ನಾಚಿಕೊಳ್ಳಬೇಕಾಗಿಲ್ಲ. ಅಮೆರಿಕದಲ್ಲಿಯೂ ಪೌರತ್ವವನ್ನು ಬೇಡಿ ಬರುವ ಹೊರಗಿನವರಿಗಾಗಿ ೨೦೦೮ರಲ್ಲಿ ಬಳಕೆಗೆ ತಂದ ಪರೀಕ್ಷೆಯಲ್ಲಿ ೧೦೦ ಪ್ರಶ್ನೆಗಳ ಪಟ್ಟಿಯೊಂದು ಇದ್ದಿತು. ಅದರಿಂದ ಹತ್ತನ್ನು ಕೇಳಿ, ಆರಕ್ಕೆ ಸರಿಯುತ್ತರ ಬಂದರೆ ತೇರ್ಗಡೆ. ೨೦೧೫ರಲ್ಲಿ ಅರಿಜೋನ ಸಂಸ್ಥಾನವು ಅದೇ ಪಟ್ಟಿಯ ಪ್ರಶ್ನೆಗಳಿಗೆ ಉತ್ತರ ಹೇಳಿದ ಹೊರತು ಹೈಸ್ಕೂಲಿನ ಪದವಿಪತ್ರವಿಲ್ಲವೆಂದು ಶಾಸನಮಾಡಿತು. ಹಾಗೆ ಮಾಡಿದವರಲ್ಲಿ ಅದೇ ಮೊದಲನೆಯದು. ಉರುಹೊಡೆಯುವ ವಿದ್ಯೆಗೆ ದೇಶಭೇದವಿಲ್ಲ.

ನಮ್ಮ ಅಭಿಪ್ರಾಯದಲ್ಲಿ ರಾಜ್ಯಾಂಗದ ಪಾಠವನ್ನು ಜಗಳಗಳ ಕಥೆಯಾಗಿ ಹೇಳಬೇಕು. ಪ್ರತಿಯೊಂದು ಸಭೆ, ಪ್ರತಿಯೊಂದು ನಿಬಂಧನೆ ಯಾವುದೋ ಒಂದು ಜಗಳಕ್ಕೆ ಹುಡುಕಿದ ಪರಿಹಾರವಾಗಿದೆ. ಜಗಳವನ್ನು ಬಿಟ್ಟು ಪರಿಹಾರವನ್ನು ಮಾತ್ರ ಕಲಿಸುವುದೆಂದರೆ ರೋಗದ ಹೆಸರನ್ನು ಹೇಳದೆ ಔಷಧದ ಸೀಸೆಗಳನ್ನು ಎಣಿಸಿದಂತೆ. ಈ ಕೆಲಸಕ್ಕೆ ಅಮೆರಿಕದ ರಾಜ್ಯಾಂಗವು ವಿಶೇಷವಾಗಿ ಅನುಕೂಲವಾದುದು. ಏಕೆಂದರೆ ಅದು ಚಿಕ್ಕದು. ಮೂಲದಲ್ಲಿ ಏಳೇ ವಿಧಿಗಳು, ಆಮೇಲೆ ೨೭ ತಿದ್ದುಪಡಿಗಳು. ಒಂದು ತರಗತಿಯ ವೇಳೆಯಲ್ಲಿ ಓದಿ ಮುಗಿಸಬಹುದು. ನಮ್ಮ ಸಂವಿಧಾನವಾದರೋ ಅಂಗೀಕಾರವಾದಾಗಲೇ ೩೯೫ ವಿಧಿಗಳೂ ೮ ಅನುಸೂಚಿಗಳೂ ಇದ್ದ ಮಹಾಗ್ರಂಥ; ಅದರೊಳಕ್ಕೆ ಹೋಗುವ ಮಗುವಿಗೆ ಮೊದಲು ಒಂದು ಸಣ್ಣ ಮನೆಯ ಅಂಗಳ, ಪಡಸಾಲೆ, ಕೋಣೆಗಳನ್ನು ತೋರಿಸಿದರೆ ದೊಡ್ಡ ಮನೆಯಲ್ಲಿ ದಾರಿ ತಪ್ಪದು.

೧೭೮೭ರ ಬೇಸಗೆಯಲ್ಲಿ ಫಿಲಡೆಲ್ಫಿಯ ನಗರದಲ್ಲಿ ೫೫ ಮಂದಿ ಪ್ರತಿನಿಧಿಗಳು ಸೇರಿ ಬಾಗಿಲನ್ನು ಮುಚ್ಚಿಕೊಂಡು ವಾದಿಸಿದರು. ದೊಡ್ಡ ಸಂಸ್ಥಾನಗಳು ಜನಸಂಖ್ಯೆಗೆ ತಕ್ಕಷ್ಟು ಸ್ಥಾನಗಳನ್ನು ಕೇಳಿದುವು. ಸಣ್ಣ ಸಂಸ್ಥಾನಗಳು ಎಲ್ಲರಿಗೂ ಸಮನಾದ ಸ್ಥಾನಗಳನ್ನು ಕೇಳಿದುವು. ಒಂದು ಸಭೆಯಲ್ಲಿ ಜನಸಂಖ್ಯೆಯ ನ್ಯಾಯ, ಇನ್ನೊಂದರಲ್ಲಿ ಸಮಾನತೆಯ ನ್ಯಾಯ ಎಂದು ಕಡೆಗೆ ಒಡಂಬಡಿಕೆಯಾಯಿತು. ಇಷ್ಟನ್ನು ಉಪಾಧ್ಯಾಯರು ಹೇಳಿಬಿಟ್ಟರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೆ. ಅದರ ಬದಲು ಹೀಗೆ ಮಾಡಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳು ಸ್ವತಂತ್ರವಾದ ನಾಲ್ಕು ಸಂಸ್ಥಾನಗಳೆಂದು ಭಾವಿಸೋಣ. (ಈಚೆಗೆ ಇವು ಒಡೆದು ಬೇರೆ ತಾಲ್ಲೂಕುಗಳಾಗಿವೆ; ಪಾಠದ ಅನುಕೂಲಕ್ಕೆ ಹಳೆಯ ನಾಲ್ಕೇ ಸಾಕು.) ಈ ನಾಲ್ಕೂ ಸೇರಿ ಕೃಷ್ಣೆಯ ಕಾಲುವೆಯ ನೀರನ್ನು ಹಂಚಿಕೊಳ್ಳಲು ಒಂದು ಸಭೆಯನ್ನು ರಚಿಸಬೇಕು. ಆಲಮಟ್ಟಿಯ ಅಣೆಕಟ್ಟು ಬಾಗೇವಾಡಿಯವರ ಬಳಿಯಲ್ಲಿದೆ. ಇಂಡಿಯ ನಿಂಬೆಯ ತೋಟಗಳು ದೂರದಲ್ಲಿವೆ. ಜನ ಹೆಚ್ಚಾಗಿರುವ ತಾಲ್ಲೂಕಿಗೆ ಹೆಚ್ಚು ಮತವೋ, ಎಲ್ಲ ತಾಲ್ಲೂಕಿಗೂ ಒಂದೊಂದೇ ಮತವೋ? ನೀರಿನ ಬಾಯಿಯಲ್ಲಿರುವವನಿಗೂ ಬಾಲದಲ್ಲಿರುವವನಿಗೂ ಸಮನಾದ ಮಾತು ಇರತಕ್ಕದ್ದೋ? ತರಗತಿಯನ್ನು ನಾಲ್ಕು ಪಾಲುಮಾಡಿ ಅರ್ಧ ಗಂಟೆ ವಾದಿಸಲು ಬಿಟ್ಟರೆ ಸಾಕು. ಬೆಳೆಗೆ ನೀರು ಸಾಲದೆ ಗುಳೆ ಹೋದ ಮನೆಗಳ ಮಕ್ಕಳು ಆ ತರಗತಿಯಲ್ಲಿ ಕುಳಿತಿರುತ್ತಾರೆ. ಅವರಿಗೆ ಈ ವಾದವು ಆಟವಾಗಿ ಕಾಣದು. ಆ ಗದ್ದಲ ಅಡಗಿದ ಮೇಲೆ ಸೆನೆಟ್ ಎಂಬ ಹೆಸರನ್ನು ಹೇಳಿದರೆ, ಅದನ್ನು ಅವರು ಸಾಯುವವರೆಗೂ ಮರೆಯಲಾರರು. ಜಾಣ ಹುಡುಗಿಯೊಬ್ಬಳು ಎದ್ದು, ಹಾಗಾದರೆ ನಮ್ಮ ರಾಜ್ಯಸಭೆಯಲ್ಲಿ ಉತ್ತರಪ್ರದೇಶಕ್ಕೆ ೩೧, ಕರ್ನಾಟಕಕ್ಕೆ ೧೨, ಸಿಕ್ಕಿಮ್ಮಿಗೆ ೧ ಏಕೆ ಎಂದು ಕೇಳಿದರೆ, ಉಪಾಧ್ಯಾಯರು ತಮ್ಮ ದಿನವು ಸಾರ್ಥಕವಾಯಿತೆಂದು ತಿಳಿಯಬಹುದು.

ಅಧ್ಯಕ್ಷಪದ್ಧತಿಗೂ ಮಂತ್ರಿಮಂಡಲದ ಪದ್ಧತಿಗೂ ಇರುವ ಭೇದವನ್ನು ಪಠ್ಯಪುಸ್ತಕಗಳು ತಕ್ಕಮಟ್ಟಿಗೆ ಹೇಳುತ್ತವೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಮೆರಿಕದ ರಾಜ್ಯಾಂಗವನ್ನು ಆದರ್ಶದ ಮೂರ್ತಿಯೆಂದು ಪೀಠದ ಮೇಲಿಟ್ಟು ಮಂಗಳಾರತಿಯೆತ್ತುವ ಉಪಾಧ್ಯಾಯರು ಮಕ್ಕಳಿಗೆ ಅನ್ಯಾಯ ಮಾಡುತ್ತಾರೆ. ಅದೇ ಫಿಲಡೆಲ್ಫಿಯದ ಸಭೆಯಲ್ಲಿ, ಸ್ಥಾನಗಳನ್ನು ಹಂಚುವ ಲೆಕ್ಕಕ್ಕಾಗಿ, ಐದು ಮಂದಿ ಗುಲಾಮರನ್ನು ಮೂವರೆಂದು ಎಣಿಸತಕ್ಕದ್ದೆಂದು ನಿಬಂಧನೆಯಾಯಿತು. ಆ ಗುಲಾಮರಿಗೆ ಮತವಿರಲಿಲ್ಲ. ಅವರ ತಲೆಯೆಣಿಕೆಯಿಂದ ಬಂದ ಬಲವು ಅವರ ಒಡೆಯರಿಗೆ ಸೇರಿತು. ಗುಲಾಮಗಿರಿಯು ಹೋದುದು ೧೮೬೫ರಲ್ಲಿ, ಘೋರವಾದ ಅಂತರ್ಯುದ್ಧದ ತರುವಾಯ. ಜನಾಂಗದ ಅಥವಾ ಬಣ್ಣದ ಕಾರಣದಿಂದ ಮತವನ್ನು ನಿರಾಕರಿಸಕೂಡದೆಂಬ ತಿದ್ದುಪಡಿ ೧೮೭೦ರಲ್ಲಿ ಬಂದಿತು. ಆದರೂ ದಕ್ಷಿಣದ ಸಂಸ್ಥಾನಗಳಲ್ಲಿ ಓದುಬರಹದ ಪರೀಕ್ಷೆಯೆಂಬ ನೆವವನ್ನೊಡ್ಡಿ ಕಪ್ಪು ಜನರನ್ನು ಮತಗಟ್ಟೆಯಿಂದ ಹೊರಗಿಟ್ಟರು. ೧೯೬೫ರ ಮತಾಧಿಕಾರ ಶಾಸನವು ಬರುವವರೆಗೂ ಅದು ನಡೆಯಿತು. ಸ್ತ್ರೀಯರಿಗೆ ದೇಶದಾದ್ಯಂತ ಮತಾಧಿಕಾರವು ರಾಜ್ಯಾಂಗದ ಬಲದಿಂದ ದೊರೆತುದು ೧೯೨೦ರಲ್ಲಿ.

ಇಲ್ಲಿ ಉಪಾಧ್ಯಾಯರು ಸ್ವಲ್ಪ ನಿಲ್ಲಬೇಕು. ೧೯೫೧-೫೨ರ ನಮ್ಮ ಮೊದಲ ಮಹಾಚುನಾವಣೆಯ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ತೋರಿಸಬೇಕು. ೨೧ ವರ್ಷ ತುಂಬಿದ ಪ್ರತಿಯೊಬ್ಬ ಗಂಡಸಿಗೂ ಹೆಂಗಸಿಗೂ, ಅಕ್ಷರ ಬರಲಿ ಬಾರದಿರಲಿ, ಹೊಲವಿರಲಿ ಇಲ್ಲದಿರಲಿ, ಒಂದೇ ದಿನ ಮತಾಧಿಕಾರವು ದೊರೆಯಿತು. ಓದಲಾರದವರಿಗೆಂದು ಪೆಟ್ಟಿಗೆಗಳ ಮೇಲೆ ಚಿಹ್ನೆಗಳನ್ನು ಅಂಟಿಸಿದರು. ಎಡವಟ್ಟುಗಳೂ ಇದ್ದುವು: ತಮ್ಮ ಸ್ವಂತ ಹೆಸರನ್ನು ಹೇಳಲೊಪ್ಪದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಮಾತ್ರ ಬರೆಯಿಸಿದ ಸುಮಾರು ೨೮ ಲಕ್ಷ ಸ್ತ್ರೀಯರ ಹೆಸರುಗಳನ್ನು, ಹೆಚ್ಚಾಗಿ ಉತ್ತರದ ಪ್ರಾಂತಗಳಲ್ಲಿ, ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಹಾಗಿದ್ದರೂ ಸಿಂದಗಿಯ ಸೀಮೆಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಮುದುಕಿಗೆ ೧೯೫೨ರಲ್ಲಿ ಇದ್ದ ಹಕ್ಕು ಅಲಬಾಮದ ಕಪ್ಪು ಉಪಾಧ್ಯಾಯಿನಿಯೊಬ್ಬಳಿಗೆ ಕಾಗದದಲ್ಲಿ ಇದ್ದಿತಾದರೂ ಕೈಗೆ ಬಂದಿರಲಿಲ್ಲ. ಯಂಕಂಚಿಯ ಮಗು ಈ ಮಾತನ್ನು ತನ್ನ ಅಜ್ಜಿಯ, ಮುತ್ತಜ್ಜಿಯ ಸಂಗತಿಯೆಂದು ಕೇಳಬೇಕು. ಇದರಲ್ಲಿ ಗರ್ವಪಡುವುದಕ್ಕಿಂತ ಹೆಚ್ಚಾಗಿ, ಕಾಗದದ ಹಕ್ಕಿಗೂ ಕೈಗೆ ಬಂದ ಹಕ್ಕಿಗೂ ಇರುವ ದೂರವನ್ನು ಅಳೆಯುವ ಅಭ್ಯಾಸ ಅದಕ್ಕೆ ಬರಬೇಕು.

ಅಮೆರಿಕದ ಪಾಠವು ನಮ್ಮ ಸಂವಿಧಾನದೊಳಕ್ಕೆ ಹರಿದುಬಂದ ಬಗೆಯೂ ಸ್ವಾರಸ್ಯವಾದುದು. ಡಾಕ್ಟರ್ ಅಂಬೇಡ್ಕರರು ಬರೋಡ ಮಹಾರಾಜರ ವಿದ್ಯಾರ್ಥಿವೇತನದಿಂದ ೧೯೧೩ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಜಾನ್ ಡ್ಯೂಯಿ ಎಂಬ ತತ್ತ್ವಜ್ಞರ ಉಪನ್ಯಾಸಗಳನ್ನು ಕೇಳಿದರು. ಪ್ರಜಾಪ್ರಭುತ್ವವು ಸರ್ಕಾರದ ಒಂದು ಆಕಾರವೆನ್ನುವುದಕ್ಕಿಂತ ಜನರು ಕೂಡಿ ಬಾಳುವ ಒಂದು ರೀತಿಯೆಂಬ ಡ್ಯೂಯಿಯವರ ವಿಚಾರವು ಅವರ ಬರಹದಲ್ಲಿ ಬೇರುಬಿಟ್ಟಿತು. ಇನ್ನೊಬ್ಬರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು, ಸಂವಿಧಾನ ಸಭೆಯ ಸಲಹೆಗಾರರು. ೧೯೪೭ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಮನುಷ್ಯನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಬೇಕಾದರೆ ನ್ಯಾಯೋಚಿತವಾದ ಕ್ರಮವು ನಡೆಯಬೇಕೆಂಬ ಅರ್ಥದ ಅಮೆರಿಕದ ಮಾತು ನ್ಯಾಯಾಧೀಶರಿಗೆ ಅತಿಯಾದ ಅಧಿಕಾರವನ್ನು ಕೊಡುತ್ತದೆಂದು ಅವರು ಎಚ್ಚರಿಸಿದರು. ಆ ಮಾತನ್ನು ಬಿಟ್ಟು, ಕಾನೂನಿನಿಂದ ಸ್ಥಾಪಿತವಾದ ಕ್ರಮ ಎಂಬ ಸಂಕೋಚದ ಮಾತನ್ನು ನಮ್ಮ ೨೧ನೆಯ ವಿಧಿಯಲ್ಲಿ ಇಟ್ಟರು. ಫಲವೇನಾಯಿತೆಂದರೆ, ೧೯೫೦ರಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ ಎ. ಕೆ. ಗೋಪಾಲನ್ ಅವರು ನ್ಯಾಯಾಲಯಕ್ಕೆ ಹೋದಾಗ, ಶಾಸನವೊಂದು ಇದ್ದರೆ ಸಾಕು, ಅದು ನ್ಯಾಯವೋ ಎಂದು ಕೇಳಲಾಗದು ಎಂಬ ತೀರ್ಪು ಬಂದಿತು. ೧೯೭೮ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಕ್ರಮವು ನ್ಯಾಯವಾಗಿಯೂ ಸಮಂಜಸವಾಗಿಯೂ ಇರಬೇಕೆಂದು ತಿದ್ದಿಕೊಂಡಿತು. ಎರಡು ಮೂರು ಪದಗಳ ವ್ಯತ್ಯಾಸಕ್ಕೆ ಇಪ್ಪತ್ತೆಂಟು ವರ್ಷ. ವ್ಯಾಕರಣದ ಪಾಠದಲ್ಲಿ ನಿದ್ದೆಹೋಗುವ ಮಕ್ಕಳಿಗೆ ಈ ಕಥೆಯನ್ನು ಹೇಳಿ ನೋಡಬೇಕು.

ಸಂವಿಧಾನವು ಪರದೇಶಗಳಿಂದ ಎರವು ತಂದದ್ದೆಂಬ ಆಕ್ಷೇಪಣೆಯನ್ನೂ ಮುಚ್ಚಿಡಬೇಕಾಗಿಲ್ಲ. ಮೈಸೂರಿನ ಪ್ರತಿನಿಧಿಯಾಗಿದ್ದ ಕೆ. ಹನುಮಂತಯ್ಯನವರೇ ೧೯೪೯ರ ನವೆಂಬರಿನಲ್ಲಿ, ತಾವು ಬಯಸಿದ್ದು ವೀಣೆಯ ನಾದ, ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡು ಎಂಬ ಅರ್ಥದಲ್ಲಿ ಸಭೆಯಲ್ಲಿ ಗೊಣಗಿದರು. ಈ ಮಾತನ್ನು ಮಕ್ಕಳ ಮುಂದಿಟ್ಟು, ವೀಣೆ ಯಾವುದು, ಬ್ಯಾಂಡು ಯಾವುದು ಎಂದು ಅವರೇ ವಿಂಗಡಿಸಲಿ. ಬಾಗೇವಾಡಿಯ ಸೀಮೆಯಲ್ಲಿ ಹುಟ್ಟಿದ ಬಸವಣ್ಣನವರ ಅನುಭವಮಂಟಪವನ್ನು ಯಾರಾದರೂ ಹುಡುಗ ನೆನಪಿಗೆ ತರದೆ ಇರಲಾರ. ತರಲಿ, ಆದರೆ ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯೂ ಮತವನ್ನೆಣಿಸುವ ಶಾಸನಸಭೆಯೂ ಒಂದೇ ಎಂದು ಬರೆಯಿಸಿಬಿಡುವ ಆತುರವು ಎರಡಕ್ಕೂ ಅಪಚಾರ. ಶರಣರಲ್ಲಿ ಕಾಣುವ ಸಮಾನತೆಯ ಧೈರ್ಯವೇ ಬೇರೆ, ಆಡಳಿತದ ಯಂತ್ರವೇ ಬೇರೆ. ಎರಡೂ ಬೇಕು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಸಂಯುಕ್ತ ಪದ್ಧತಿಯೆಂದರೇನು ಎಂಬುದನ್ನು ಹೈಸ್ಕೂಲಿನ ಮಗುವಿಗೆ ತಿಳಿಸಲು ಅದರ ಊಟದ ತಟ್ಟೆಗಿಂತ ಒಳ್ಳೆಯ ಉಪಕರಣವನ್ನು ನಾವು ಕಾಣೆವು. ಬಿಸಿಯೂಟದ ರಾಷ್ಟ್ರೀಯ ಯೋಜನೆಯು ಎಂಟನೆಯ ತರಗತಿಯವರೆಗೆ. ಅಲ್ಲಿ ಧಾನ್ಯವು ಕೇಂದ್ರದ್ದು, ಅಡಿಗೆಯ ವೆಚ್ಚದಲ್ಲಿ ಕೇಂದ್ರಕ್ಕೆ ೬೦, ರಾಜ್ಯಕ್ಕೆ ೪೦ ಪಾಲು. ಒಂಬತ್ತು ಹತ್ತನೆಯ ತರಗತಿಗಳಿಗೆ ಬಡಿಸುವುದು ಕರ್ನಾಟಕವು ತಾನಾಗಿ ವಿಸ್ತರಿಸಿಕೊಂಡದ್ದು, ತನ್ನ ಹಣದಿಂದ. ಆದಕಾರಣ ಎಂಟನೆಯ ತರಗತಿಯ ತಮ್ಮನೂ ಹತ್ತನೆಯ ತರಗತಿಯ ಅಕ್ಕನೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಹಂಡೆಯ ಸಾರನ್ನು ಉಂಡರೂ, ಅವನ ತಟ್ಟೆಯಲ್ಲಿ ಎರಡು ಸರ್ಕಾರಗಳಿವೆ, ಅವಳ ತಟ್ಟೆಯಲ್ಲಿ ಒಂದೇ ಇದೆ! ಬಡಿಸುವ ಅಡಿಗೆಯವರು ಊರಿನವರೇ. ಅಮೆರಿಕದಲ್ಲಿಯೂ ೧೯೪೬ರ ಶಾಸನದ ಮೇರೆಗೆ ಶಾಲೆಯ ಮಧ್ಯಾಹ್ನದ ಊಟಕ್ಕೆ ಒಕ್ಕೂಟದ ಸರ್ಕಾರವು ಹಣ ಕೊಡುತ್ತದೆ, ಸಂಸ್ಥಾನದ ಮೂಲಕ ಅದು ಊರಿನ ಶಾಲೆಗೆ ಬರುತ್ತದೆ. ಇದನ್ನು ತಿಳಿದ ಮಗುವಿಗೆ ಕೇಂದ್ರಪಟ್ಟಿ, ರಾಜ್ಯಪಟ್ಟಿ, ಸಮವರ್ತಿಪಟ್ಟಿಗಳು ಬಾಯಿಪಾಠದ ಮೂರು ಹೆಸರುಗಳಾಗಿ ಉಳಿಯವು.

ಅದೇ ರೀತಿಯಲ್ಲಿ ಬೀದಿಯ ದೀಪ. ಅದು ಉರಿಯದಿದ್ದರೆ ಯಾರನ್ನು ಕೇಳಬೇಕು? ದೀಪವು ಗ್ರಾಮಪಂಚಾಯತಿಯದು, ಅದಕ್ಕೆ ಬರುವ ವಿದ್ಯುತ್ತು ಹುಬ್ಬಳ್ಳಿಯ ಹೆಸ್ಕಾಂ ಕಂಪನಿಯದು. ಬಲ್ಬು ಸುಟ್ಟಿದ್ದರೆ ಒಂದು ಬಾಗಿಲು, ತಂತಿ ಹರಿದಿದ್ದರೆ ಇನ್ನೊಂದು ಬಾಗಿಲು. ಯಾವ ಬಾಗಿಲೆಂದು ತಿಳಿಯದವನನ್ನು ಇಬ್ಬರೂ ಒಬ್ಬರ ಕಡೆಗೊಬ್ಬರು ಅಟ್ಟುತ್ತಾರೆ. ಪೌರನೀತಿಯನ್ನು ಕಲಿಯದಿದ್ದರೆ ನಷ್ಟವೇನೆಂದು ಕೇಳುವವರಿಗೆ ಇದೊಂದು ಉತ್ತರ.

ಈ ಸಂದರ್ಭದಲ್ಲಿ ಸಾಗರದಾಚೆಯ ನಮ್ಮವರ ನೆನಪಾಗುತ್ತದೆ. ಅಮೆರಿಕದ ಪೌರತ್ವವು ಭಾರತೀಯರಿಗೆ ಸುಲಭವಾಗಿ ದೊರೆತುದಲ್ಲ. ೧೯೨೩ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಆ ಮನುಷ್ಯನು ಬಿಳಿಯ ಜನಾಂಗದವನಲ್ಲವಾದ ಕಾರಣ ಪೌರನಾಗಲಾರನೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆ ಬಾಗಿಲು ತೆರೆದುದು ೧೯೪೬ರಲ್ಲಿ, ಅದೂ ವರ್ಷಕ್ಕೆ ನೂರು ಮಂದಿಯ ವಲಸೆಯ ಮಿತಿಯೊಡನೆ. ಅಗಲವಾದುದು ೧೯೬೫ರ ಶಾಸನದಿಂದ. ಕನ್ನಡದ ಕುಟುಂಬಗಳು ಹೆಚ್ಚಾಗಿ ಹೋದುದು ಅದರ ಅನಂತರವೇ. ಅವರ ಮನೆಗಳಲ್ಲಿ ಒಂದು ವಿಚಿತ್ರವು ನಡೆಯುತ್ತದೆ. ಅಲ್ಲಿಯೇ ಹುಟ್ಟಿದ ಮಗುವು ೧೮೬೮ರ ಹದಿನಾಲ್ಕನೆಯ ತಿದ್ದುಪಡಿಯ ಬಲದಿಂದ ಹುಟ್ಟಿನಿಂದಲೇ ಅಮೆರಿಕದ ಪೌರ. ಹೈಸ್ಕೂಲಿನಲ್ಲಿ ಸರ್ಕಾರದ ಪಾಠವನ್ನು ಓದುತ್ತದೆ. ತಂದೆತಾಯಿಗಳು ಅದೇ ಪಾಠವನ್ನು ನಡುವಯಸ್ಸಿನಲ್ಲಿ ಪರೀಕ್ಷೆಗಾಗಿ ಓದುತ್ತಾರೆ. ಊಟದ ಹೊತ್ತಿನಲ್ಲಿ ಮಗುವೇ ಗುರು. ತಂದೆಗೆ ಆ ಪ್ರಮಾಣವಚನವನ್ನು ಸ್ವೀಕರಿಸಿದ ಗಳಿಗೆಯಿಂದ ಭಾರತದ ಪೌರತ್ವವು ಇಲ್ಲವಾಗುತ್ತದೆ, ಏಕೆಂದರೆ ನಮ್ಮ ಶಾಸನವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ೨೦೦೫ರಲ್ಲಿ ಬಂದ ಸಾಗರೋತ್ತರ ಭಾರತೀಯ ಪೌರ ಎಂಬ ಚೀಟಿಯಲ್ಲಿ ಪೌರ ಎಂಬ ಪದವಿದೆ, ಮತವಿಲ್ಲ. ಪೌರತ್ವವೆಂದರೆ ಏನೆಂಬುದು, ಅದನ್ನು ಬಿಟ್ಟುಕೊಟ್ಟು ಬೇರೊಂದನ್ನು ಪಡೆದವರಿಗೆ ನಮಗಿಂತ ಚೆನ್ನಾಗಿ ತಿಳಿದಿರಬೇಕು.

ಅಲ್ಲಿನ ಕನ್ನಡದ ಮಗುವೂ ಇಲ್ಲಿನ ಹಳ್ಳಿಯ ಮಗುವೂ ಪರಸ್ಪರ ಕಾಗದ ಬರೆದುಕೊಂಡು, ನಿಮ್ಮ ಮನೆಯ ಮುಂದಿನ ದೀಪವನ್ನು ಯಾರು ಹೊತ್ತಿಸುತ್ತಾರೆ, ನಿಮ್ಮ ಶಾಲೆಗೆ ಹಣ ಯಾರು ಕೊಡುತ್ತಾರೆ ಎಂಬ ಎರಡೇ ಪ್ರಶ್ನೆಗಳನ್ನು ಕೇಳಿಕೊಂಡರೆ, ಎರಡು ದೇಶಗಳ ರಾಜ್ಯಾಂಗವೂ ಆ ಕಾಗದಗಳಲ್ಲಿ ಬಂದುಬಿಡುತ್ತದೆ. ಅಮೆರಿಕದ ಶಾಲೆಗಳು ಬಹುಮಟ್ಟಿಗೆ ಊರಿನ ಆಸ್ತಿ ತೆರಿಗೆಯನ್ನು ಅವಲಂಬಿಸಿರುವುದರಿಂದ ಶ್ರೀಮಂತರ ಊರಿಗೆ ಶ್ರೀಮಂತ ಶಾಲೆ, ಬಡವರ ಊರಿಗೆ ಬಡ ಶಾಲೆ ಎಂಬ ಸಂಗತಿಯು ಯಂಕಂಚಿಯ ಮಗುವಿಗೆ ಆಶ್ಚರ್ಯವನ್ನುಂಟುಮಾಡೀತು.

ಮಕ್ಕಳೇ ನ್ಯಾಯಾಲಯದ ಬಾಗಿಲಿಗೆ ಹೋದ ಕಥೆಗಳನ್ನೂ ಮರೆಯಬಾರದು. ೧೯೪೩ರಲ್ಲಿ ಪಶ್ಚಿಮ ವರ್ಜೀನಿಯದ ಕೆಲವು ಮಕ್ಕಳು ತಮ್ಮ ಮತಧರ್ಮದ ಕಾರಣದಿಂದ ಧ್ವಜಕ್ಕೆ ವಂದಿಸಲೊಲ್ಲೆವೆಂದಾಗ, ಮಹಾಯುದ್ಧದ ನಡುವಿನಲ್ಲಿಯೇ, ಅವರನ್ನು ಬಲಾತ್ಕರಿಸಕೂಡದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟಾಗ, ೧೯೮೬ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಅವರ ಪಕ್ಷವನ್ನೇ ಹಿಡಿಯಿತು. ಈ ತೀರ್ಪುಗಳನ್ನು ಒಪ್ಪದವರಿರಬಹುದು. ತರಗತಿಯಲ್ಲಿಯೂ ಒಪ್ಪದ ಮಕ್ಕಳಿರುತ್ತಾರೆ. ವಾದಿಸಲಿ. ತಮ್ಮ ವಯಸ್ಸಿನವರ ಅಂತಃಕರಣಕ್ಕೂ ರಾಜ್ಯಾಂಗದಲ್ಲಿ ಸ್ಥಳವಿದೆಯೆಂಬುದನ್ನು ಮಾತ್ರ ಅವರು ತಿಳಿದಿರಬೇಕು.

ಇಷ್ಟೆಲ್ಲ ಓದಿದ ಮಗುವಿಗೆ ಅಭ್ಯಾಸಕ್ಕೆ ಒಂದು ಕಣವು ಬೇಡವೇ? ಕರ್ನಾಟಕದಲ್ಲಿ ಅದು ಉಂಟು. ೧೯೯೦ರ ದಶಕದಲ್ಲಿ ಕುಂದಾಪುರದ ಸೀಮೆಯಲ್ಲಿ ದುಡಿಯುವ ಮಕ್ಕಳ ಭೀಮ ಸಂಘವೂ ಮಕ್ಕಳ ಪಂಚಾಯತಿಗಳೂ ನಡೆದುವು. ಆಮೇಲೆ ಸರ್ಕಾರವು ಗ್ರಾಮಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಸತಕ್ಕದ್ದೆಂದು ವಿಧಿಸಿತು. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದ ಊರಸಭೆಗಳನ್ನು ಹೊಗಳುವವರು ನಮ್ಮ ಈ ಸಭೆಗಳನ್ನೂ ಒಮ್ಮೆ ಹೋಗಿ ನೋಡಬೇಕು. ಆದರೆ ಎಲ್ಲ ಕಡೆಯೂ ಸಭೆಯು ಸಭೆಯಾಗಿಲ್ಲ. ಎಷ್ಟೋ ಕಡೆ ದೀಪ ಬೆಳಗುವುದು, ಹಾರ, ಸ್ವಾಗತ, ಅತಿಥಿಗಳ ಭಾಷಣ. ಮಕ್ಕಳ ಸರದಿ ಬರುವ ವೇಳೆಗೆ ಊಟದ ಗಂಟೆ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೂ ಮೊದಮೊದಲು ಅರಿಕೆ ಮಾಡಿಕೊಳ್ಳುವ ಹಕ್ಕು ಮಾತ್ರ ಇದ್ದಿತು. ಶಾಸನದ ಆಧಾರವು ಅದಕ್ಕೆ ದೊರೆತುದು ೧೯೨೩ರಲ್ಲಿ. ಅರಿಕೆಯೂ ಸಣ್ಣದಲ್ಲ, ಉತ್ತರವು ಬರುವುದಾದರೆ.

ಉತ್ತರವು ಬಾರದಿದ್ದರೆ ಏನಾಗುತ್ತದೆಂಬುದೇ ನಮ್ಮನ್ನು ಚಿಂತೆಗೀಡುಮಾಡಿರುವ ಸಂಗತಿ. ಹದಿನೈದು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, ಸಂಜೆಯ ಬಸ್ಸು ಊರಿಗೆ ಬರುವುದಿಲ್ಲ, ಆದಕಾರಣ ಹತ್ತನೆಯ ತರಗತಿಯಾದ ಮೇಲೆ ನಮ್ಮನ್ನು ತಾಲ್ಲೂಕಿನ ಕಾಲೇಜಿಗೆ ಕಳುಹಿಸುವುದಿಲ್ಲ, ಮನೆಯಲ್ಲಿ ಮದುವೆಯ ಮಾತನ್ನು ತೆಗೆಯುತ್ತಾರೆ ಎಂದು ಹೇಳಿದಳೆಂದು ಭಾವಿಸೋಣ. ಈ ಮಾತನ್ನು ಹೇಳಲು ಅವಳಿಗೆ ಬೇಕಾದ ಧೈರ್ಯವು ಶಾಸನಸಭೆಯ ಸದಸ್ಯನ ಭಾಷಣಕ್ಕೆ ಬೇಡ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಮುಂದಿನ ವರ್ಷದ ಸಭೆಗೆ ಅವಳು ಬರಲಿಲ್ಲ, ಏಕೆಂದರೆ ಅವಳು ಶಾಲೆಯಲ್ಲಿರಲಿಲ್ಲ. ಅವಳ ಜೊತೆಯ ಮೂವತ್ತು ಮಕ್ಕಳು ಆ ದಿನ ಒಂದು ಪಾಠವನ್ನು ಕಲಿತರು: ಕೇಳುವುದು ವ್ಯರ್ಥ. ಈ ಪಾಠವನ್ನು ಅಳಿಸುವ ಪಠ್ಯಪುಸ್ತಕವು ಇನ್ನೂ ಅಚ್ಚಾಗಿಲ್ಲ. ನಟನೆಯ ಸಭೆಯನ್ನು ನಡೆಸುವುದಕ್ಕಿಂತ ಸಭೆಯನ್ನೇ ನಡೆಸದಿರುವುದು ಮೇಲೆಂದು ನಾವು ಹೇಳುತ್ತೇವೆ. ಇದು ಕಠಿನವಾದ ಮಾತೆಂದು ತೋರಿದರೆ ತೋರಲಿ.

ಆದುದರಿಂದ ತರಗತಿಯಲ್ಲಿ ಒಂದು ದಪ್ಪ ಪುಸ್ತಕವನ್ನಿಡಬೇಕು. ಸಭೆಯಲ್ಲಿ ಯಾವ ಮಗು ಯಾವುದನ್ನು ಕೇಳಿತು, ಯಾರು ಉತ್ತರ ಕೊಡಬೇಕು, ಯಾವ ತಾರೀಖಿನೊಳಗೆ ಎಂಬುದನ್ನು ಅದರಲ್ಲಿ ಬರೆಯಬೇಕು. ಮೂರು ತಿಂಗಳ ಬಳಿಕ ಅದನ್ನು ತೆರೆದು ಓದಬೇಕು. ಉತ್ತರ ಬಾರದಿದ್ದರೆ ೨೦೦೫ರ ಮಾಹಿತಿ ಹಕ್ಕಿನ ಶಾಸನದ ಪ್ರಕಾರ ಹತ್ತು ರೂಪಾಯಿ ಶುಲ್ಕದ ಅರ್ಜಿಯೊಂದನ್ನು ಮಕ್ಕಳು ತರಗತಿಯಲ್ಲಿಯೇ ಕರಡುಮಾಡಲಿ. ಮನೆಯ ಹಿರಿಯರೊಬ್ಬರು ಸಹಿ ಮಾಡಿ ಕೊಡಲಿ. ಮೂವತ್ತು ದಿನಗಳಲ್ಲಿ ಉತ್ತರವು ಬರತಕ್ಕದ್ದೆಂದು ಶಾಸನವಿದೆ. ಮದುವೆಯ ವಿಚಾರದಲ್ಲಿ ಕಾಯುವುದಕ್ಕೆ ಮೂವತ್ತು ದಿನಗಳಿರುವುದಿಲ್ಲ. ಹೆಣ್ಣಿಗೆ ೧೮ ತುಂಬದೆ ಮದುವೆ ಮಾಡುವುದನ್ನು ೨೦೦೬ರ ಶಾಸನವು ನಿಷೇಧಿಸಿದೆ. ಕರ್ನಾಟಕವು ಗ್ರಾಮಪಂಚಾಯತಿಯ ಅಭಿವೃದ್ಧಿ ಅಧಿಕಾರಿ ಮೊದಲಾದವರಿಗೆ ಅದನ್ನು ತಡೆಯುವ ಹೊಣೆಯನ್ನು ಕೊಟ್ಟಿದೆ. ೧೦೯೮ ಎಂಬ ಸಂಖ್ಯೆಗೆ ಮಗುವೇ ದೂರವಾಣಿ ಮಾಡಬಹುದು. ಸೆನೆಟ್ ಸದಸ್ಯರ ಸಂಖ್ಯೆಯು ಮರೆತುಹೋದರೂ ಈ ನಾಲ್ಕು ಅಂಕಿಗಳು ಪ್ರತಿಯೊಬ್ಬ ಹುಡುಗಿಗೂ ಬಾಯಿಪಾಠವಾಗಿರಬೇಕು. ಇಲ್ಲಿ ಉರುಹೊಡೆಯುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಅಂದಹಾಗೆ ಅಮೆರಿಕದಲ್ಲಿ ಮದುವೆಯ ವಯಸ್ಸು ಪ್ರತಿಯೊಂದು ಸಂಸ್ಥಾನಕ್ಕೆ ಬಿಟ್ಟ ವಿಷಯ; ಯಾವ ವಿನಾಯಿತಿಯೂ ಇಲ್ಲದೆ ೧೮ಕ್ಕೆ ಕಡಮೆಯಾದವರ ಮದುವೆಯನ್ನು ಮೊಟ್ಟಮೊದಲು ನಿಷೇಧಿಸಿದ ಡೆಲವೇರ್ ಸಂಸ್ಥಾನವು ಹಾಗೆ ಮಾಡಿದ್ದು ೨೦೧೮ರಲ್ಲಿ. ಇದನ್ನು ಕೇಳಿದ ಮಕ್ಕಳ ಮುಖವನ್ನು ಉಪಾಧ್ಯಾಯರು ನೋಡಬೇಕು.

ಸರ್ಕಾರದಿಂದಲೇ ಎಲ್ಲವೂ ಆಗಬೇಕೆಂಬ ಭಾವವು ಮಕ್ಕಳಲ್ಲಿ ಬೆಳೆಯಬಾರದೆಂದು ಕೆಲವರು ಹೇಳುವುದುಂಟು. ನಿಜವೇ. ೧೮೩೧ರಲ್ಲಿ ಅಮೆರಿಕವನ್ನು ಸುತ್ತಿದ ಫ್ರೆಂಚ್ ಪಂಡಿತ ಟೋಕ್ವಿಲ್, ಅಲ್ಲಿನವರು ಸಣ್ಣದಕ್ಕೂ ದೊಡ್ಡದಕ್ಕೂ ಸಂಘ ಕಟ್ಟುವುದನ್ನು ಕಂಡು ಬೆರಗಾದನು. ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ೧೯೧೦ರಲ್ಲಿ ಜಿಲ್ಲೆಯ ವಿದ್ಯಾಸಂಸ್ಥೆಯನ್ನೂ ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟುವುದರಲ್ಲಿ ಮುಂದಾದರು. ವಚನಗಳನ್ನು ಉಳಿಸಿಕೊಟ್ಟವರೆಂದು ನಾಡು ಅವರನ್ನು ನೆನೆಯುತ್ತದೆ. ಪೌರನೆಂಬ ಪದಕ್ಕೆ ಉದಾಹರಣೆಯಾಗಿಯೂ ಆ ಜಿಲ್ಲೆಯ ಮಕ್ಕಳು ಅವರನ್ನು ಓದಬಹುದು.

ಕಡೆಯದಾಗಿ ಒಂದು ಕಾಗದದ ವಿಚಾರ. ಅಮೆರಿಕದಲ್ಲಿ ೧೯೭೧ರಲ್ಲಿಯೂ ನಮ್ಮಲ್ಲಿ ೧೯೮೯ರಲ್ಲಿಯೂ ಮತದ ವಯಸ್ಸನ್ನು ೨೧ರಿಂದ ೧೮ಕ್ಕೆ ಇಳಿಸಿದರು. ಹೆಸರನ್ನು ಪಟ್ಟಿಗೆ ಸೇರಿಸಲು ೬ನೆಯ ನಮೂನೆಯ ಅರ್ಜಿಯನ್ನು ಹಾಕಬೇಕು. ೨೦೨೨ರಿಂದೀಚೆಗೆ ೧೭ ತುಂಬಿದವರೇ ಮುಂಗಡವಾಗಿ ಅದನ್ನು ಕೊಡಬಹುದು, ವರ್ಷಕ್ಕೆ ಒಂದರ ಬದಲು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರುಗಳ ಮೊದಲ ದಿನ ಎಂಬ ನಾಲ್ಕು ಅರ್ಹತೆಯ ತಾರೀಖುಗಳಿವೆ. ಹತ್ತನೆಯ ತರಗತಿಯ ಗೋಡೆಗೆ ಆ ನಮೂನೆಯ ಒಂದು ಪ್ರತಿಯನ್ನು ಅಂಟಿಸಿ, ಅದರ ಪಕ್ಕದಲ್ಲಿ ಮಕ್ಕಳು ತಮ್ಮ ತಮ್ಮ ಹುಟ್ಟಿದ ದಿನದಿಂದ ಲೆಕ್ಕಹಾಕಿ, ತಾವು ಯಾವ ವರ್ಷದ ಯಾವ ತಾರೀಖಿಗೆ ಮತದಾರರಾಗುವೆವೆಂಬುದನ್ನು ಬರೆದಿಡಲಿ. ಶಾಲೆಯನ್ನು ಬಿಟ್ಟುಹೋದ ಹುಡುಗಿಯ ಹೆಸರನ್ನೂ ಅಳಿಸದೆ ಆ ಪಟ್ಟಿಯಲ್ಲಿಯೇ ಇರಗೊಡಲಿ.